ಕಪಾಟಿನಲ್ಲಿರುವ ಬಿಲ್ಲುಗಳಿಂದಲೇ ಕಚೇರಿಯ ಕಾರ್ಬನ್ ಲೆಕ್ಕ

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಚೇರಿಗೆ ಮೇಲಿನಿಂದ ಒಂದು ಪತ್ರ ಬಂತು. ಭೂಮಿಯ ಬಿಸಿ ಏರಿಸುವ ಹಸಿರುಮನೆ ಅನಿಲ ತಗ್ಗಿಸಲು ಏನು ಕ್ರಮ ಕೈಗೊಂಡಿದ್ದೀರಿ, ಏಳು ದಿನದೊಳಗೆ ವರದಿ ಕೊಡಿ ಅಂತ. ಟಪಾಲು ಟೇಬಲ್‌ನಿಂದ ಟೇಬಲ್‌ಗೆ ಸುತ್ತಿ, ಕೊನೆಗೆ ಲೆಕ್ಕಪತ್ರ ವಿಭಾಗದಲ್ಲಿದ್ದ ನನ್ನ ಮುಂದೆ ಬಂದು ಕೂತಿತು. ನಾವು ಮಾಡಿದ್ದೇನು ಗೊತ್ತಾ? ಕಾಂಪೌಂಡಿನಲ್ಲಿ ಐವತ್ತು ಸಸಿ ನೆಟ್ಟು, ಫೋಟೊ ಹೊಡೆದು ಕಳಿಸಿದೆವು. ಅದು ಫೆಬ್ರುವರಿ ತಿಂಗಳು. ಕಲಬುರಗಿಯ ಮೇ ಮುಗಿಯುವ ಹೊತ್ತಿಗೆ ಎರಡು ಬೇವಿನ ಗಿಡ ಬಿಟ್ಟು ಉಳಿದವೆಲ್ಲ ಒಣಗಿದ್ದವು.

ಪತ್ರ ಕೇಳಿದ್ದ ಪ್ರಶ್ನೆಗೆ ಉತ್ತರ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಕರೆಂಟ್ ಬಿಲ್, ಡೀಸೆಲ್ ಬಿಲ್, ಗ್ಯಾಸ್ ಸಿಲಿಂಡರ್ ರಸೀದಿ, ಎಸಿ ರಿಪೇರಿಯ ವೋಚರ್. ಕಚೇರಿಯಿಂದ ವರ್ಷಕ್ಕೆ ಎಷ್ಟು ಹಸಿರುಮನೆ ಅನಿಲ ಹೊರಡುತ್ತದೆ ಎಂಬ ಈ ಕಾರ್ಬನ್ ಲೆಕ್ಕ ಅಂದರೆ ವಿಜ್ಞಾನಿಗಳ ಕೆಲಸ ಎಂದು ನಾನು ಹೆದರಿದ್ದೆ. ಮಾಡಿ ನೋಡಿದಾಗ ಗೊತ್ತಾಯಿತು, ಅದು ಗುಮಾಸ್ತನ ಕೆಲಸ. ಕೂಡುವುದು, ಗುಣಿಸುವುದು ಬಂದರೆ ಸಾಕು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ತಾಲೂಕು ಕಚೇರಿ, ನಗರಸಭೆ, ಪಂಚಾಯಿತಿ, ಆಸ್ಪತ್ರೆ, ಹಾಸ್ಟೆಲ್, ಕಾಲೇಜುಗಳಲ್ಲಿ ಇಂಥ ಪತ್ರ ಯಾರ ಟೇಬಲ್ ಮೇಲೆ ಬಂದು ಕೂರುತ್ತದೋ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ: ಗಡಿ ಹಾಕಿಕೊಳ್ಳಿ

ಹೊಲಕ್ಕೆ ಬದು ಇದ್ದ ಹಾಗೆ ಲೆಕ್ಕಕ್ಕೂ ಒಂದು ಗಡಿ ಬೇಕು. ಯಾವುದು ನಮ್ಮದು, ಯಾವುದು ಪಕ್ಕದವರದು? ಒಂದೇ ಕಟ್ಟಡದಲ್ಲಿ ಹತ್ತು ಇಲಾಖೆಗಳಿದ್ದು, ಎಲ್ಲಕ್ಕೂ ಸೇರಿ ಒಂದೇ ಮೀಟರ್ ಇರುವುದು ನಮ್ಮ ಕಡೆ ಸಾಮಾನ್ಯ. ಆಗ ಪ್ರತಿ ಕಚೇರಿ ಎಷ್ಟು ಚದರ ಅಡಿ ಹಿಡಿದಿದೆ ನೋಡಿ, ಬಿಲ್ಲನ್ನು ಅದೇ ಪ್ರಮಾಣದಲ್ಲಿ ಹಂಚಿಕೊಳ್ಳಿ. ಹೀಗೆ ಹಂಚಿದ್ದೇವೆ ಅಂತ ಒಂದು ಸಾಲು ಬರೆದಿಡಿ. ಅಷ್ಟೇ.

ಜಾಸ್ತಿ ಎಡವುವುದು ಬಾಡಿಗೆ ಕಾರಿನಲ್ಲಿ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ಮುಂದುವರಿಸುವ ಹಾಗಿಲ್ಲ. ಹೀಗಾಗಿ ಹಳೇ ಜೀಪು ಗುಜರಿಗೆ ಹೋಗಿ, ಅದರ ಜಾಗಕ್ಕೆ ಟೆಂಡರ್ ಮೇಲೆ ಬಾಡಿಗೆ ಕಾರು ಬಂದಿರುವ ಕಚೇರಿಗಳು ಇವೆ. ಕಾರಿನ ತಿಂಗಳ ಬಾಡಿಗೆಯಲ್ಲೇ ಡೀಸೆಲ್ ಖರ್ಚೂ ಸೇರಿರುತ್ತದೆ. ನಿಮ್ಮ ಡೀಸೆಲ್ ಬಿಲ್ ಸೊನ್ನೆಗೆ ಇಳಿಯುತ್ತದೆ. ಕಾಗದದ ಮೇಲೆ ಹೊಗೆ ಕಡಿಮೆಯಾದಂತೆ ಕಾಣುತ್ತದೆ, ರಸ್ತೆ ಮೇಲೆ ಸಾಹೇಬರು ಅಷ್ಟೇ ಕಿಲೋಮೀಟರ್ ಓಡಾಡುತ್ತಿರುತ್ತಾರೆ. ಇದು ನಮಗೆ ನಾವೇ ಮಾಡಿಕೊಳ್ಳುವ ಮೋಸ. ಇಡೀ ದಿನ ನಿಮ್ಮ ಕೆಲಸಕ್ಕೇ ಓಡುವ ಬಾಡಿಗೆ ಕಾರನ್ನು ಗಡಿಯೊಳಗೇ ಇಟ್ಟುಕೊಳ್ಳಿ. ಅದರ ಲಾಗ್ ಬುಕ್‌ನಲ್ಲಿ ಕಿಲೋಮೀಟರ್ ಇದ್ದೇ ಇರುತ್ತದೆ. ಅದನ್ನು ಮೈಲೇಜ್‌ನಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ.

ವರ್ಷ ಅಂದರೆ ನಮಗೆ ಏಪ್ರಿಲ್‌ನಿಂದ ಮಾರ್ಚ್. ಹೋಲಿಕೆಗೆ ಒಂದು ಮೂಲ ವರ್ಷ ಆರಿಸಿಕೊಳ್ಳಿ. 2020–21 ಬೇಡ, ಕೊರೊನಾದಿಂದ ಕಚೇರಿಗಳೇ ಸರಿಯಾಗಿ ನಡೆಯಲಿಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆ ನಡೆದ ವರ್ಷವೂ ಕಂದಾಯ ಇಲಾಖೆಯವರಿಗೆ ಒಳ್ಳೇ ಮೂಲ ವರ್ಷ ಆಗುವುದಿಲ್ಲ. ವಾಹನಗಳು ವಿಪರೀತ ಓಡಿರುತ್ತವೆ.

ಮೂರು ಖಾನೆಗಳು

ಜಗತ್ತಿನ ಬಹುತೇಕ ಸಂಸ್ಥೆಗಳು ಬಳಸುವ ಲೆಕ್ಕದ ಪದ್ಧತಿಗೆ ಗ್ರೀನ್‌ಹೌಸ್ ಗ್ಯಾಸ್ ಪ್ರೊಟೊಕಾಲ್ ಎಂದು ಹೆಸರು. ಅದರ ಮೊದಲ ಆವೃತ್ತಿ ಬಂದಿದ್ದು 2001ರಲ್ಲಿ. ಅದು ಎಲ್ಲವನ್ನೂ ಮೂರು ಸ್ಕೋಪ್‌ಗಳಾಗಿ ವಿಂಗಡಿಸುತ್ತದೆ.

ನಮ್ಮ ಕಾಂಪೌಂಡಿನೊಳಗೆ, ನಮ್ಮ ಗಾಡಿಯಲ್ಲಿ, ನಾವೇ ಸುಡುವುದು ಅಥವಾ ಸೋರಿಸುವುದು ಸ್ಕೋಪ್ 1. ಜೀಪಿನ ಡೀಸೆಲ್, ಜನರೇಟರ್, ಅಡುಗೆ ಗ್ಯಾಸ್, ಎಸಿಯಿಂದ ಸೋರುವ ಗ್ಯಾಸ್ ಎಲ್ಲ ಇದರಲ್ಲಿ. ನಾವು ಕೊಂಡುಕೊಳ್ಳುವ ಕರೆಂಟ್ ಸ್ಕೋಪ್ 2. ಸ್ವಿಚ್ ಹಾಕುವವರು ನಾವು, ಕಲ್ಲಿದ್ದಲು ಉರಿಯುವುದು ರಾಯಚೂರಿನ ಶಕ್ತಿನಗರದಲ್ಲೋ ಇನ್ನೆಲ್ಲೋ. ಉಳಿದದ್ದೆಲ್ಲ ಸ್ಕೋಪ್ 3: ನೌಕರರು ಮನೆಯಿಂದ ಬಂದು ಹೋಗುವುದು, ಬೆಂಗಳೂರಿನ ಮೀಟಿಂಗ್, ಕೊಂಡ ಸಿಮೆಂಟ್, ಕಾಗದ, ಹೊರಗೆ ಹೋಗುವ ಕಸ.

ಮೊದಲ ವರ್ಷ 1 ಮತ್ತು 2 ಮಾತ್ರ ಮಾಡಿ. ಮೂರನೆಯದಕ್ಕೆ ಕೈ ಹಾಕಿ ಸುಸ್ತಾಗಿ, ಇಡೀ ಲೆಕ್ಕವನ್ನೇ ಬಿಟ್ಟವರನ್ನು ನೋಡಿದ್ದೇನೆ.

ಅಂದಹಾಗೆ, ಷೇರು ಮಾರುಕಟ್ಟೆಯಲ್ಲಿರುವ ದೊಡ್ಡ 1000 ಕಂಪನಿಗಳು ಇಂಥ ವರದಿ ಕೊಡುವುದನ್ನು ಆ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಆ ಪಟ್ಟಿಯಲ್ಲಿರುವ ಸರ್ಕಾರಿ ಉದ್ದಿಮೆಗಳಿಗೂ ಅದು ಅನ್ವಯ. ನಮ್ಮಂಥ ಕಚೇರಿಗಳಿಗೆ ಆ ನಿಯಮ ಇಲ್ಲ. ಹಾಗಂತ ಪತ್ರ ಬರುವವರೆಗೆ ಕಾಯಬೇಕಿಲ್ಲ, ಅಲ್ವಾ?

ಬಿಲ್ಲು ಕಲೆಹಾಕುವುದು

ಇಲ್ಲೇ ಜಾಸ್ತಿ ಸಮಯ ಹೋಗುತ್ತದೆ. ಒಂದು ಎಕ್ಸೆಲ್ ಹಾಳೆ ತೆಗೆಯಿರಿ. ಅಡ್ಡಕ್ಕೆ ಹನ್ನೆರಡು ತಿಂಗಳು, ಉದ್ದಕ್ಕೆ ಒಂದೊಂದು ಮೂಲ.

ಕರೆಂಟಿಗೆ ಆರ್‌ಆರ್ ನಂಬರಿನಿಂದ ಶುರು ಮಾಡಿ. ಅದು ಒಂದೊಂದು ಕರೆಂಟ್ ಸಂಪರ್ಕದ ಗುರುತಿನ ನಂಬರ್, ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂ ಬಿಲ್ಲಿನ ಮೇಲೆ ಇರುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಆರ್‌ಆರ್ ನಂಬರ್ ಇವೆ ಎಂದು ಒಮ್ಮೆ ಎಣಿಸಿ. ಬೋರ್‌ವೆಲ್‌ಗೆ ಒಂದು, ಹಳೇ ಗೋದಾಮಿಗೆ ಒಂದು, ಯಾವತ್ತೋ ಮುಚ್ಚಿದ ಕ್ವಾರ್ಟರ್ಸ್‌ಗೆ ಒಂದು. ನಮ್ಮಲ್ಲಿ ಯಾರೂ ಬಳಸದ ಒಂದು ಶೆಡ್ಡಿನ ಬಿಲ್ಲನ್ನು ವರ್ಷಗಟ್ಟಲೆ ಕಟ್ಟುತ್ತಲೇ ಇದ್ದೆವು. ಲೆಕ್ಕ ಶುರು ಮಾಡಿದ ಮೊದಲ ವಾರದಲ್ಲೇ ಆ ಮೀಟರ್ ಬಂದ್ ಮಾಡಿಸಿದೆ.

ಹಾಳೆಯಲ್ಲಿ ಬರೆಯಬೇಕಾದ್ದು ಯೂನಿಟ್, ರೂಪಾಯಿ ಅಲ್ಲ. ದರ ಏರುತ್ತದೆ, ಇಳಿಯುತ್ತದೆ, ಬಾಕಿ ಸೇರುತ್ತದೆ. ಹೊಗೆಗೆ ಗೊತ್ತಿರುವುದು ಯೂನಿಟ್ ಮಾತ್ರ. ಮೀಟರ್ ಕೆಟ್ಟಿದ್ದರೆ ಅಥವಾ ಬಾಗಿಲು ಹಾಕಿದ್ದರೆ ಸರಾಸರಿ ಬಿಲ್ ಕೊಟ್ಟಿರುತ್ತಾರೆ. ಹಾಳೆಯಲ್ಲಿ ಆ ತಿಂಗಳ ಚೌಕವನ್ನು ಹಳದಿ ಬಣ್ಣ ಮಾಡಿ, ಅಂದಾಜು ಎಂದು ಬರೆಯಿರಿ.

ಡೀಸೆಲ್, ಪೆಟ್ರೋಲ್ ಲೀಟರ್‌ಗಳನ್ನು ಬಂಕ್ ಬಿಲ್ಲಿನಿಂದ ತೆಗೆದುಕೊಂಡು ಲಾಗ್ ಬುಕ್ ಜೊತೆ ತಾಳೆ ನೋಡಿ. ಜೀಪು ಲೀಟರಿಗೆ 12 ಕಿಲೋಮೀಟರ್ ಕೊಡಬೇಕಾದಲ್ಲಿ 6 ಕೊಟ್ಟಿದೆ ಎಂದರೆ, ಗಾಡಿಯನ್ನು ಒಮ್ಮೆ ಮೆಕ್ಯಾನಿಕ್‌ಗೆ ತೋರಿಸಬೇಕು. ಅಥವಾ ಬೇರೆ ಯಾರಿಗೋ ತೋರಿಸಬೇಕು, ಅದು ನಿಮಗೆ ಬಿಟ್ಟಿದ್ದು. ಜನರೇಟರ್‌ಗೆ ಬಿಲ್ ಸಿಗದಿದ್ದರೆ ಅದರ ಮೇಲಿರುವ ಗಂಟೆ ಮೀಟರ್ ನೋಡಿ ಅಂದಾಜು ಮಾಡಬಹುದು.

ಎಲ್ಲರೂ ಮರೆಯುವುದು ಎಸಿ ಗ್ಯಾಸ್. ನಮ್ಮ ಜವಾನ ಒಮ್ಮೆ ಹೇಳಿದ: “ಸಾಹೇಬ್ರ, ವರ್ಷಾ ಗ್ಯಾಸ್ ತುಂಬಸ್ತೀವ್ರಿ, ಆದ್ರ ತಂಪ ನಿಲ್ಲಂಗಿಲ್ರಿ.” ತುಂಬಿಸಿದ ಗ್ಯಾಸ್ ಎಲ್ಲಿಗೆ ಹೋಗುತ್ತಿದೆ? ಗಾಳಿಗೆ. ಎಸಿ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಹಾಗೆ ಖರ್ಚಾಗುವ ವಸ್ತು ಅಲ್ಲ. ಸೋರದಿದ್ದರೆ ಮತ್ತೆ ತುಂಬಿಸುವ ಮಾತೇ ಬರುವುದಿಲ್ಲ. ಹಾಗಾಗಿ ವರ್ಷದಲ್ಲಿ ಎಷ್ಟು ಕೆಜಿ ತುಂಬಿಸಿದಿರೋ ಹೆಚ್ಚೂಕಡಿಮೆ ಅಷ್ಟು ಸೋರಿದೆ ಎಂದೇ ಲೆಕ್ಕ. ರಿಪೇರಿಯವರ ಬಿಲ್ಲಿನಲ್ಲಿ ‘ಗ್ಯಾಸ್ ಚಾರ್ಜಿಂಗ್’ ಎಂದಷ್ಟೇ ಇರುತ್ತದೆ. ಯಾವ ಗ್ಯಾಸ್, ಎಷ್ಟು ಕೆಜಿ ಎಂದು ಬರೆಸಿಕೊಳ್ಳದೆ ಬಿಲ್ ಪಾಸ್ ಮಾಡಬೇಡಿ.

ಗುಣಿಸುವುದು

ಈಗ ಪ್ರತಿ ಮೂಲಕ್ಕೂ ಒಂದು ಅಂಕಿ ಬೇಕು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕೆಜಿ ಕಾರ್ಬನ್ ಡೈಆಕ್ಸೈಡ್. ಪೆಟ್ರೋಲ್ ಆದರೆ ಸುಮಾರು 2.3 ಕೆಜಿ. ಅಡುಗೆ ಗ್ಯಾಸ್ ಕೆಜಿಗೆ ಸುಮಾರು 3 ಕೆಜಿ. ಅಂದರೆ ಮನೆಯ 14.2 ಕೆಜಿ ಸಿಲಿಂಡರಿಗೆ 42 ಕೆಜಿ, ಹಾಸ್ಟೆಲಿನ 19 ಕೆಜಿ ಸಿಲಿಂಡರಿಗೆ 57 ಕೆಜಿಯ ಹತ್ತಿರ.

ಒಂದು ಲೀಟರ್ ಡೀಸೆಲ್ ಒಂದು ಕೆಜಿ ಕೂಡ ತೂಗುವುದಿಲ್ಲ, ಅದರಿಂದ ಎರಡೂವರೆ ಕೆಜಿಗೂ ಮಿಕ್ಕಿ ಹೊಗೆ ಹೇಗೆ ಬರುತ್ತದೆ? ಈ ಪ್ರಶ್ನೆ ಪ್ರತಿ ಮೀಟಿಂಗ್‌ನಲ್ಲೂ ಬರುತ್ತದೆ. ಉತ್ತರ ಸುಲಭ. ಡೀಸೆಲ್‌ನಲ್ಲಿರುವ ಕಾರ್ಬನ್ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. 12 ಪಾಲು ಕಾರ್ಬನ್‌ಗೆ 32 ಪಾಲು ಆಮ್ಲಜನಕ. ಹೊಗೆಯ ತೂಕದಲ್ಲಿ ಹೆಚ್ಚಿನ ಪಾಲು ಗಾಳಿಯದ್ದೇ.

ಕರೆಂಟಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಒಂದು ಅಂಕಿ ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ಅದು ಯೂನಿಟ್‌ಗೆ 0.71ರಿಂದ 0.73 ಕೆಜಿ ಆಸುಪಾಸು. ಇಡೀ ದೇಶಕ್ಕೆ ಒಂದೇ ಅಂಕಿ ಯಾಕೆ ಎಂದರೆ, ಈಗ ಗ್ರಿಡ್, ಅಂದರೆ ಕರೆಂಟ್ ಸಾಗಿಸುವ ತಂತಿಜಾಲ, ಒಂದೇ. ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ ಜೊತೆ ಕೂಡಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ. ಅಂದರೆ ನಮ್ಮ ಅಕ್ಕಪಕ್ಕದ ಊರುಗಳ ನಡುವೆಯೇ ಆ ಗಂಟು ಬಿದ್ದಿದೆ.

ಎಸಿ ಗ್ಯಾಸ್ ಅಂಕಿ ನೋಡಿ ನಾನು ಬೆಚ್ಚಿದ್ದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿಯ ಐದನೇ ವರದಿ ಪ್ರಕಾರ ಆರ್-410ಎ ಎಂಬ ಎಸಿ ಗ್ಯಾಸ್ ಒಂದು ಕೆಜಿ ಸೋರಿದರೆ 1,924 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ. ಆರ್-32 ಆದರೆ 677. ಹಳೇ ಎಸಿಗಳ ಆರ್-22 ಆದರೆ 1,760. ಈ ಆರ್-22 ಓಝೋನ್ ಒಪ್ಪಂದದಡಿ ಬರುವುದರಿಂದ ಅದನ್ನು ಮೂರು ಸ್ಕೋಪ್‌ಗಳ ಹೊರಗೆ, ಬೇರೆ ಸಾಲಿನಲ್ಲಿ ತೋರಿಸುವುದು ಪದ್ಧತಿ. ತೋರಿಸುವುದಂತೂ ಬೇಕು.

ಒಂದು ಉದಾಹರಣೆ ಮಾಡೋಣ. ಅರವತ್ತು ಜನರ ಒಂದು ಕಚೇರಿ ಇದೆ ಅಂದುಕೊಳ್ಳಿ. ವರ್ಷಕ್ಕೆ 48,000 ಯೂನಿಟ್ ಕರೆಂಟ್. ಎರಡು ಜೀಪಿಗೆ 3,000 ಲೀಟರ್ ಡೀಸೆಲ್. ಜನರೇಟರಿಗೆ 400 ಲೀಟರ್. ಚಹಾಕ್ಕೆ 19 ಕೆಜಿಯ 12 ಸಿಲಿಂಡರ್. ಎಸಿಗಳಿಗೆ ತುಂಬಿಸಿದ ಆರ್-410ಎ ಎರಡು ಕೆಜಿ.

ಕರೆಂಟ್: 48,000 × 0.72 = 34.6 ಟನ್
ಜೀಪು: 3,000 × 2.68 = 8 ಟನ್
ಎಸಿ ಗ್ಯಾಸ್: 2 × 1,924 = 3.8 ಟನ್
ಜನರೇಟರ್: 400 × 2.68 = 1.1 ಟನ್
ಅಡುಗೆ ಗ್ಯಾಸ್: 0.7 ಟನ್

ಒಟ್ಟು 48 ಟನ್ ಚಿಲ್ಲರೆ. ಜನರೇಟರ್ ಹೊತ್ತಿಸಿದಾಗ ಕರಿ ಹೊಗೆ ಕಂಡು ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಕಣ್ಣಿಗೆ ಕಾಣದ, ವಾಸನೆ ಇಲ್ಲದ ಎರಡೇ ಕೆಜಿ ಗ್ಯಾಸ್ ಅದರ ಮೂರು ಪಟ್ಟಿಗಿಂತ ಜಾಸ್ತಿ ಬಿಸಿ ಮಾಡಿದೆ. ಮತ್ತೆ ಮುಕ್ಕಾಲು ಪಾಲು ಹತ್ತಿರ ಬರುವುದು ಕರೆಂಟಿನಿಂದಲೇ. ನಮ್ಮ ಕಡೆಯ ಸಾಮಾನ್ಯ ಕಚೇರಿಯ ಲೆಕ್ಕ ಹೆಚ್ಚುಕಡಿಮೆ ಇದೇ ಆಕಾರದಲ್ಲಿರುತ್ತದೆ ಎಂದು ನನ್ನ ಅನಿಸಿಕೆ. ಎಲ್ಲಿ ಕೈ ಹಾಕಬೇಕು ಎಂಬುದು ಇಲ್ಲೇ ಗೊತ್ತಾಗುತ್ತದೆ.

ಆಮೇಲೆ ಒಟ್ಟನ್ನು ನೌಕರರ ಸಂಖ್ಯೆಯಿಂದಲೋ ಚದರ ಅಡಿಯಿಂದಲೋ ಭಾಗಿಸಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಖಾಲಿ ಹುದ್ದೆ ಜಾಸ್ತಿ ಇರುವ ಕಚೇರಿಗಳೇ ಬಹುಮಾನ ಹೊಡೆಯುತ್ತವೆ.

ರಾತ್ರಿ ಮೀಟರ್ ಪರೀಕ್ಷೆ

ಸಾಮಾನು ಕೊಳ್ಳುವ ಮೊದಲು ಇದನ್ನು ಮಾಡಿ. ಖರ್ಚು ಒಂದು ಪೈಸೆ ಇಲ್ಲ. ಸಂಜೆ ಕಚೇರಿ ಬಾಗಿಲು ಹಾಕುವಾಗ ಮೀಟರಿನ ಫೋಟೊ ತೆಗೆಯಿರಿ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಇನ್ನೊಂದು ಫೋಟೊ. ಯಾರೂ ಇಲ್ಲದ ಹದಿನೈದು ಗಂಟೆಯಲ್ಲಿ ಹದಿನೈದು ಯೂನಿಟ್ ಓಡಿದ್ದರೆ, ಒಂದು ಕಿಲೋವ್ಯಾಟ್ ಸುಮ್ನೆ ಉರಿಯುತ್ತಿದೆ ಎಂದರ್ಥ.

ಒಂದು ಕಿಲೋವ್ಯಾಟ್ ಅಷ್ಟೇ ತಾನೇ ಅನಿಸುತ್ತದೆ. ವರ್ಷದ 8,760 ಗಂಟೆಯಲ್ಲಿ ಕಚೇರಿ ತೆರೆದಿರುವುದು ಎಷ್ಟು? 250 ದಿನ, ದಿನಕ್ಕೆ 9 ಗಂಟೆ ಹಿಡಿದರೂ 2,250. ಉಳಿದ 6,510 ಗಂಟೆ ಕಚೇರಿ ಮುಚ್ಚಿರುತ್ತದೆ. ಅಷ್ಟೂ ಹೊತ್ತು ಆ ಒಂದು ಕಿಲೋವ್ಯಾಟ್ ಓಡಿದರೆ 6,510 ಯೂನಿಟ್, 4.7 ಟನ್. ನಮ್ಮ ಉದಾಹರಣೆಯ ಒಟ್ಟು ಲೆಕ್ಕದಲ್ಲಿ ಸುಮಾರು ಹತ್ತನೇ ಒಂದು ಪಾಲು, ಖಾಲಿ ಕಟ್ಟಡಕ್ಕೆ.

ಕಳ್ಳರು ಯಾರು? ರಾತ್ರಿಯಿಡೀ ಖಾಲಿ ಹಾಲ್‌ನಲ್ಲಿ ನೀರು ತಂಪು ಮಾಡುವ ವಾಟರ್ ಕೂಲರ್. ಹಳೇ ಯುಪಿಎಸ್. ರಿಮೋಟ್‌ನಲ್ಲಿ ಆರಿಸಿ ಮೇನ್ ಸ್ವಿಚ್ ಬಿಟ್ಟ ಎಸಿ. ಹಗಲೂ ಉರಿಯುವ ಕಾಂಪೌಂಡ್ ಲೈಟ್. ನಮ್ಮಲ್ಲಿ ಸಿಕ್ಕಿದ್ದು ಸ್ಟೋರ್ ರೂಮಿನ ಒಂದು ಎಕ್ಸಾಸ್ಟ್ ಫ್ಯಾನ್. ಅದನ್ನು ಯಾರು, ಯಾವಾಗ ಹಾಕಿದ್ದರೋ ದೇವರಿಗೇ ಗೊತ್ತು. ವಾಟರ್ ಕೂಲರಿಗೆ ಟೈಮರ್ ಹಾಕಿಸಿ. ಕೊನೆಗೆ ಬಾಗಿಲು ಹಾಕುವವರಿಗೆ ಯಾವ ಯಾವ ಸ್ವಿಚ್ ಆರಿಸಬೇಕು ಎಂಬ ಪಟ್ಟಿಯನ್ನು ಮೇನ್ ಬೋರ್ಡಿನ ಪಕ್ಕ ಅಂಟಿಸಿ.

ಇಳಿಸುವುದು: ಯಾವುದು ಮೊದಲು

ಎಸಿ. ಕಲಬುರಗಿಯ ಬಿಸಿಲಿನಲ್ಲಿ ಎಸಿ ಬೇಡ ಎಂದು ಹೇಳುವಷ್ಟು ಕ್ರೂರಿ ನಾನಲ್ಲ. ಆದರೆ ಹೊರಗೆ 43, ಒಳಗೆ 18 ಇಟ್ಟು, ಸ್ವೆಟರ್ ಹಾಕಿಕೊಂಡು ಕೂತವರನ್ನು ಕಂಡಿದ್ದೇನೆ. ಸ್ಟಾರ್ ಗುರುತಿನ ಎಸಿಗಳು ಆನ್ ಮಾಡಿದಾಗ 24ರಲ್ಲೇ ಶುರುವಾಗಬೇಕು ಎಂದು 2020ರ ಜನವರಿಯಿಂದ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೊ ಹೇಳುವ ಮಾತು. 26ಕ್ಕೆ ಇಟ್ಟು ಮೇಲೆ ಫ್ಯಾನ್ ಹಾಕಿ. ನಮ್ಮ ಸಾಹೇಬರು ಮೊದಲು ಮುಖ ಗಂಟಿಕ್ಕಿದರು, ಒಂದು ವಾರದಲ್ಲಿ ಒಗ್ಗಿಕೊಂಡರು. ನಮ್ಮ ಧೂಳಿಗೆ ಎಸಿ ಜಾಳಿಗೆ ಬೇಗ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ತೊಳೆಸಿ. ಗ್ಯಾಸ್ ಇಳಿದಿದೆ ಎಂದರೆ ಮೊದಲು ತೂತು ಹುಡುಕಿ ಬೆಸುಗೆ ಹಾಕಿಸಿ, ಆಮೇಲೆ ತುಂಬಿಸಿ. ಈ ಒಂದು ಸಾಲನ್ನು ನಿರ್ವಹಣೆ ಕರಾರಿನಲ್ಲೇ ಸೇರಿಸಿಬಿಡಿ. ಹೊಸ ಎಸಿ ಕೊಳ್ಳುವುದಿದ್ದರೆ ಆರ್-32 ಇರುವುದನ್ನು ಕೇಳಿ.

ಫ್ಯಾನ್. ನಮ್ಮ ಕಡೆ ಡಿಸೆಂಬರ್, ಜನವರಿ ಬಿಟ್ಟರೆ ಫ್ಯಾನ್ ನಿಲ್ಲುವುದೇ ಇಲ್ಲ. ಹಳೇ ಫ್ಯಾನ್ 75 ವ್ಯಾಟ್ ಎಳೆದರೆ, ಕಡಿಮೆ ಕರೆಂಟಿನ ಹೊಸ ಬಗೆಯ ಮೋಟಾರ್ ಇರುವ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಹತ್ತಿರ. 40 ಫ್ಯಾನ್ ಬದಲಿಸಿ, ದಿನಕ್ಕೆ 8 ಗಂಟೆಯಂತೆ 250 ದಿನ ಓಡಿಸಿದರೆ 3,600 ಯೂನಿಟ್ ಉಳಿತಾಯ, 2.6 ಟನ್. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹಣ ಇಲ್ಲದಿದ್ದರೆ, ಕೆಟ್ಟದ್ದನ್ನು ರೀವೈಂಡ್ ಮಾಡಿಸುವ ಬದಲು ಹೊಸದು ಹಾಕಿ ಎಂದು ಆದೇಶ ಮಾಡಿಸಿಕೊಳ್ಳಿ. ನಾಲ್ಕೈದು ವರ್ಷದಲ್ಲಿ ತಾನಾಗೇ ಮುಗಿಯುತ್ತದೆ. ಟ್ಯೂಬ್‌ಲೈಟ್ ವಿಷಯ ಎಲ್ಲರಿಗೂ ಗೊತ್ತು, ಎಲ್‌ಇಡಿ ಹಾಕಿ, ಮುಂದೆ ನಡೆಯಿರಿ.

ಮಾಳಿಗೆ. ಹಳೇ ಕಾಲದ ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಕಟ್ಟಡಗಳಲ್ಲಿ ಮೇ ತಿಂಗಳ ಮಧ್ಯಾಹ್ನವೂ ಕೂರಬಹುದು. ಅದೇ ಊರಿನ ಹೊಸ ಕಾಂಕ್ರೀಟ್ ಕಟ್ಟಡದ ಮೇಲಿನ ಮಹಡಿ ರೊಟ್ಟಿ ಹಂಚಿನ ಹಾಗಿರುತ್ತದೆ. ಮಾರ್ಚ್ ಮುಗಿಯುವುದರೊಳಗೆ ಮಾಳಿಗೆಗೆ ಬಿಳಿ ಸುಣ್ಣವನ್ನೋ ಬಿಸಿಲು ತಿರುಗಿಸುವ ಬಿಳಿ ಬಣ್ಣವನ್ನೋ ಹೊಡೆಸಿ. ಎಸಿ ಇಲ್ಲದ ಶಾಲೆ, ಅಂಗನವಾಡಿಗಳಿಗೆ ಇದರಿಂದ ಕಾರ್ಬನ್ ಉಳಿಯದೇ ಇರಬಹುದು, ಮಕ್ಕಳ ತಲೆ ಮೇಲಿನ ಕಾವು ಇಳಿಯುತ್ತದೆ.

ಗಾಡಿ. ಕಲಬುರಗಿಯಿಂದ ಬೆಂಗಳೂರಿಗೆ ಜೀಪಿನಲ್ಲಿ ಹೋಗಿ ಬಂದರೆ ಸುಮಾರು 1,200 ಕಿಲೋಮೀಟರ್. ನೂರು ಲೀಟರ್ ಡೀಸೆಲ್, 268 ಕೆಜಿ. ಅದೂ ಅರ್ಧ ಗಂಟೆಯ ಮೀಟಿಂಗ್‌ಗೆ. ಉದ್ಯಾನ್, ಬಸವ ಎಕ್ಸ್‌ಪ್ರೆಸ್ ಇವೆ, 2024ರ ಮಾರ್ಚ್‌ನಿಂದ ವಂದೇ ಭಾರತ್ ಕೂಡ ಇದೆ. ಬೀದರ್‌ನವರಿಗೆ ಯಶವಂತಪುರದ ಗಾಡಿ ಇದೆ. ರೈಲಿಗೆ ಹೋಗಲಾಗದ ಕೆಲಸಕ್ಕೆ ವಿಡಿಯೊ ಕಾನ್ಫರೆನ್ಸ್ ಕೇಳಿ ಒಂದು ಪತ್ರ ಹಾಕಿ ನೋಡಿ. ಎಲೆಕ್ಟ್ರಿಕ್ ಕಾರು ಬಂದರೆ ಹೊಗೆ ಸೊನ್ನೆ ಎಂದು ಬರೆಯಬೇಡಿ. ಒಂದು ಯೂನಿಟ್‌ಗೆ ಆರೇಳು ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 110 ಗ್ರಾಂ. ಲೀಟರಿಗೆ 12 ಕೊಡುವ ಡೀಸೆಲ್ ಗಾಡಿಯದು 220 ಗ್ರಾಂ. ಅರ್ಧ ಆಯಿತು, ಅದೂ ದೊಡ್ಡದೇ.

ಸೋಲಾರ್ ಕೊನೆಗೆ ಬರಲಿ. ಮೊದಲು ಪೋಲು ನಿಲ್ಲಿಸಿದರೆ ಚಿಕ್ಕ ಸೋಲಾರ್ ಸಾಕಾಗುತ್ತದೆ. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಮಾಳಿಗೆ ಬೇಕು. ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. 20 ಕಿಲೋವ್ಯಾಟ್ ಹಾಕಿದರೆ 28,000 ಯೂನಿಟ್, ಹೆಚ್ಚೂಕಡಿಮೆ 20 ಟನ್. ಬಂಡವಾಳ ಇಲ್ಲದಿದ್ದರೆ, ಕಂಪನಿಯೇ ಪ್ಯಾನೆಲ್ ಹಾಕಿ ನಾವು ಯೂನಿಟ್ ಲೆಕ್ಕದಲ್ಲಿ ಹಣ ಕಟ್ಟುವ ಕರಾರೂ ಇದೆ. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಕಚೇರಿಯಲ್ಲಿ ವಿಚಾರಿಸಿ. ಟೆಂಡರ್‌ನಲ್ಲಿ ಎಲ್ಲರೂ ಮರೆಯುವ ಒಂದು ಮಾತು: ಪ್ಯಾನೆಲ್ ತೊಳೆಯುವವರು ಯಾರು? ಸೇಡಂ, ವಾಡಿ, ಶಹಾಬಾದ್ ಕಡೆ ಸಿಮೆಂಟ್ ಧೂಳು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆದರೆ ಬಿಳಿ ಕಲೆ ಕೂತು ಹೋಗುತ್ತದೆ. ಮೆದು ನೀರು, ಹದಿನೈದು ದಿನಕ್ಕೊಮ್ಮೆ ಎಂದು ಕರಾರಿನಲ್ಲೇ ಬರೆಸಿ. ಭಾನುವಾರ, ರಜೆ ದಿನ ಗ್ರಿಡ್‌ಗೆ ಹೋದ ಯೂನಿಟ್‌ಗಳನ್ನು ಬೇರೆ ಸಾಲಿನಲ್ಲಿ ತೋರಿಸಿ. ಗ್ರಿಡ್‌ನಿಂದ ಕೊಂಡ ಲೆಕ್ಕದಲ್ಲಿ ಕಳೆಯಬೇಡಿ.

ಇನ್ನೊಂದು. ಮಂಜೂರಾದ ಲೋಡ್ (ನಮಗೆ ಒಪ್ಪಿದ ಗರಿಷ್ಠ ಕಿಲೋವ್ಯಾಟ್) ಇಳಿಸುವುದು, ಕೆಪಾಸಿಟರ್ ಹಾಕುವುದು ಬಿಲ್ಲಿಗೆ ಒಳ್ಳೆಯದು, ಮಾಡಿ. ಆದರೆ ಅದನ್ನು ಕಾರ್ಬನ್ ಉಳಿತಾಯದ ಪಟ್ಟಿಗೆ ಸೇರಿಸಬೇಡಿ. ಉಳಿದದ್ದು ರೂಪಾಯಿ ಮಾತ್ರ.

ಪಂಚಾಯಿತಿ, ಆಸ್ಪತ್ರೆ, ಪಶು ಸಾಕಣೆ

ಪಂಚಾಯಿತಿ, ಪುರಸಭೆಗಳಲ್ಲಿ ಕಚೇರಿಯ ಫ್ಯಾನ್ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಎಲ್ಲ ನೀರು ಎತ್ತುವುದರಲ್ಲಿ ಮತ್ತು ಬೀದಿ ದೀಪದಲ್ಲಿ. ಒಂದು ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಲೆಕ್ಕದ ಪ್ರಕಾರ 0.27 ಯೂನಿಟ್ ಸಾಕು. ಪಂಪು, ಮೋಟಾರ್ ನಷ್ಟ ಸೇರಿ ಅದರ ಎರಡು ಪಟ್ಟು ಆಗಲಿ ಅನ್ನೋಣ, 0.55. ನಿಮ್ಮದು ಒಂದು ಯೂನಿಟ್ ದಾಟಿದ್ದರೆ ಪಂಪು ಸವೆದಿದೆ, ಅಥವಾ ಪೈಪಿನಲ್ಲಿ ತೊಂದರೆ ಇದೆ. ಇದನ್ನು ತಿಳಿಯಲು ಬೇಕಾದ್ದು ಕರೆಂಟ್ ಮೀಟರ್ ಮತ್ತು ತುಂಬುವ ಟ್ಯಾಂಕಿನ ಅಳತೆ, ಎರಡೇ. ನಡುವೆ ಸೋರುವ ನೀರೆಲ್ಲ ಕರೆಂಟ್ ಕೊಟ್ಟು ಎತ್ತಿದ ನೀರು. ನಲ್ಲಿಗೆ ತಿರುಪು ಹಾಕುವುದೂ ಕಾರ್ಬನ್ ಕೆಲಸವೇ.

ಬೀದಿ ದೀಪ ಹಗಲು ಹನ್ನೆರಡಕ್ಕೂ ಉರಿಯುವ ಊರುಗಳು ಎಷ್ಟಿಲ್ಲ! 35 ವ್ಯಾಟಿನ 40 ಎಲ್‌ಇಡಿ ದೀಪಗಳು ರಾತ್ರಿಯಷ್ಟೇ ಉರಿದರೆ ವರ್ಷಕ್ಕೆ ಸುಮಾರು 6,100 ಯೂನಿಟ್. ಸ್ವಿಚ್ ಇಲ್ಲದೆ ಹಗಲೂ ಉರಿದರೆ ಅದರ ಎರಡರಷ್ಟು. ಎಲ್‌ಇಡಿ ಹಾಕಿ ಉಳಿಸಿದ್ದನ್ನು ಒಂದು ಟೈಮರ್ ಇಲ್ಲದೆ ಕಳೆದುಕೊಳ್ಳುತ್ತೇವೆ. ವಾಟರ್‌ಮನ್ ಕೈಗೆ ಸ್ವಿಚ್ ಕೊಡಿ, ಅಥವಾ ಬೆಳಕು ನೋಡಿ ತಾನೇ ಆರುವ ಸೆನ್ಸರ್ ಹಾಕಿಸಿ.

ಆಸ್ಪತ್ರೆಯವರು ಅರಿವಳಿಕೆಯ ನೈಟ್ರಸ್ ಆಕ್ಸೈಡ್ ಸಿಲಿಂಡರ್ ಲೆಕ್ಕ ತಪ್ಪಿಸಬಾರದು. ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 265 ಪಟ್ಟು ಬಿಸಿ ಹಿಡಿಯುತ್ತದೆ. ರೋಗಿಗೆ ಕೊಟ್ಟದ್ದಕ್ಕಿಂತ ಸಿಲಿಂಡರ್ ಜಾಸ್ತಿ ಖಾಲಿಯಾಗುತ್ತಿದ್ದರೆ ಪೈಪ್ ಸೋರುತ್ತಿದೆ ಎಂದರ್ಥ. ಇದು ಹಣದ ಪ್ರಶ್ನೆಯೂ ಹೌದು, ಆಪರೇಷನ್ ಥಿಯೇಟರ್‌ನಲ್ಲಿ ನಿಲ್ಲುವವರ ಆರೋಗ್ಯದ ಪ್ರಶ್ನೆಯೂ ಹೌದು.

ಬೀದರ್ ಅಂದರೆ ಪಶು ವಿಶ್ವವಿದ್ಯಾಲಯದ ಊರು. ದನ ಸಾಕುವ ಸರ್ಕಾರಿ ಫಾರಂಗಳ ಸ್ಕೋಪ್ 1ರಲ್ಲಿ ಎಮ್ಮೆಗಳೂ ಬರುತ್ತವೆ! ಐಪಿಸಿಸಿಯ 2006ರ ಕೈಪಿಡಿ ಪ್ರಕಾರ ಒಂದು ಎಮ್ಮೆ ವರ್ಷಕ್ಕೆ ಸುಮಾರು 55 ಕೆಜಿ ಮೀಥೇನ್ ತೇಗುತ್ತದೆ. ಮೀಥೇನ್ 28 ಪಟ್ಟು ಲೆಕ್ಕ, ಅಂದರೆ ಒಂದೂವರೆ ಟನ್. ಎಮ್ಮೆಯ ಮೇಲೆ ಸಿಟ್ಟಾಗಬೇಕಿಲ್ಲ. ಸಗಣಿಯನ್ನು ಬಯೋಗ್ಯಾಸ್ ಮಾಡಿ ಪಕ್ಕದ ಹಾಸ್ಟೆಲಿನ ಸಿಲಿಂಡರ್ ಉಳಿಸಬಹುದು.

ಕೊಳ್ಳುವಾಗ

ಎರಡನೇ ವರ್ಷ ಸ್ಕೋಪ್ 3ರಲ್ಲಿ ಒಂದೋ ಎರಡೋ ವಿಷಯ ಹಿಡಿಯಿರಿ. ಕಟ್ಟಡ, ರಸ್ತೆ ಮಾಡಿಸುವ ಇಲಾಖೆಯಾದರೆ ಸಿಮೆಂಟ್. ನಮ್ಮ ಜಿಲ್ಲೆಯ ಸುಣ್ಣದ ಕಲ್ಲನ್ನು ಸುಟ್ಟಾಗ ಇಂಧನದ ಹೊಗೆ ಒಂದು ಕಡೆ, ಕಲ್ಲಿನೊಳಗೇ ಇರುವ ಕಾರ್ಬನ್ ಡೈಆಕ್ಸೈಡ್ ಇನ್ನೊಂದು ಕಡೆ ಹೊರಬರುತ್ತದೆ. ಐವತ್ತು ಕೆಜಿ ಚೀಲಕ್ಕೆ ಸುಮಾರು 30ರಿಂದ 40 ಕೆಜಿ. ಕಲ್ಲಿದ್ದಲು ಸುಟ್ಟು ಉಳಿದ ಹಾರುಬೂದಿ ಬೆರೆಸಿದ ಸಿಮೆಂಟಿಗೆ ಕಡಿಮೆ. ಎಂಜಿನಿಯರ್ ಒಪ್ಪುವ ಕಡೆ ಅಂದಾಜು ಪಟ್ಟಿಯಲ್ಲೇ ಅದನ್ನು ಬರೆಸಿ. ಟೆಂಡರ್ ಕರೆದ ಮೇಲೆ ಬದಲಿಸಲು ಹೋದರೆ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ ಅಡ್ಡ ಬರುತ್ತದೆ. ಎಸಿ, ಫ್ಯಾನ್, ಪಂಪುಗಳನ್ನು ಸರ್ಕಾರಿ ಖರೀದಿಯ ಜಾಲತಾಣ ಜೆಮ್‌ನಲ್ಲಿ ಕೊಳ್ಳುವಾಗಲೂ ಅಷ್ಟೇ. ಐದು ಸ್ಟಾರ್ ಬೇಕು ಎಂದು ಮೊದಲೇ ಷರತ್ತು ಹಾಕದಿದ್ದರೆ ಅತಿ ಅಗ್ಗದ್ದು ಬಂದು ಕೂರುತ್ತದೆ, ಮುಂದಿನ ಹತ್ತು ವರ್ಷ ಕರೆಂಟ್ ತಿನ್ನುತ್ತದೆ.

ಎರಡನೇ ವರ್ಷದ ಹೋಲಿಕೆ, ಮತ್ತು ವರ್ಗಾವಣೆ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಇರುತ್ತವೆ. ಹಾಗಾಗಿ ಮೇ ತಿಂಗಳನ್ನು ಜೂನ್ ಜೊತೆ ಹೋಲಿಸಬೇಡಿ. ಈ ಮೇಯನ್ನು ಹೋದ ಮೇ ಜೊತೆ ಹೋಲಿಸಿ. ಕಟ್ಟಡಕ್ಕೆ ಹೊಸ ಮಹಡಿ ಬಂದರೆ, ಇನ್ನೊಂದು ಶಾಖೆ ಸೇರಿದರೆ, ಮೂಲ ವರ್ಷದ ಅಂಕಿಯನ್ನೂ ಅದೇ ಪ್ರಕಾರ ತಿದ್ದಿ, ಯಾಕೆ ತಿದ್ದಿದಿರಿ ಎಂದು ಬರೆಯಿರಿ. ಮೂಲ ವರ್ಷಕ್ಕೆ ಬಳಸಿದ ಗ್ರಿಡ್ ಅಂಕಿ ಯಾವ ವರ್ಷದ್ದು ಎಂಬುದೂ ಹಾಳೆಯಲ್ಲಿರಲಿ. ಗ್ರಿಡ್ ಶುದ್ಧವಾದದ್ದಕ್ಕೆ ಇಳಿದ ಟನ್ ಬೇರೆ, ನೀವು ಯೂನಿಟ್ ಇಳಿಸಿ ಗಳಿಸಿದ ಟನ್ ಬೇರೆ.

ವರ್ಷದ ಲೆಕ್ಕ ಒಂದು ಹಾಳೆಗೆ ಮೀರದಿರಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕಚೇರಿಗಳು ತಾವಾಗಿಯೇ ಪ್ರಕಟಿಸುವ ಮಾಹಿತಿ ಜೊತೆ ಅದನ್ನೂ ಹಾಕಿ, ನೋಟಿಸ್ ಬೋರ್ಡಿಗೂ ಒಂದು ಪ್ರತಿ ಅಂಟಿಸಿ. ನಮ್ಮಲ್ಲಿ ಬೋರ್ಡಿಗೆ ಹಾಕಿದ ಮೇಲೆಯೇ ಜನ ಸ್ವಿಚ್ ಆರಿಸಲು ಶುರು ಮಾಡಿದ್ದು. ಯಾವ ಸುತ್ತೋಲೆಗೂ ಆರಿಸಿರಲಿಲ್ಲ.

ಸರ್ಕಾರಿ ಕಚೇರಿಯಲ್ಲಿ ಇಂಥ ಲೆಕ್ಕ ಸಾಯುವುದು ಸೋಮಾರಿತನದಿಂದ ಅಲ್ಲ, ವರ್ಗಾವಣೆಯಿಂದ. ಎಕ್ಸೆಲ್ ಹಾಳೆ ನನ್ನ ಲ್ಯಾಪ್‌ಟಾಪಿನಲ್ಲೇ ಉಳಿದು, ನಾನು ಬೇರೆ ಊರಿಗೆ ಹೋದ ಮೇಲೆ ಎರಡು ವರ್ಷದ ಅಂಕಿ ಕಳೆದುಹೋಯಿತು. ಆ ತಪ್ಪು ನೀವು ಮಾಡಬೇಡಿ. ಇ-ಆಫೀಸ್‌ನಲ್ಲಿ ಇದಕ್ಕೊಂದು ಕಡತ ತೆರೆಯಿರಿ, ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಅದರಲ್ಲಿ ಅಂಕಿ ತುಂಬಿ. ಚಾರ್ಜ್ ಕೊಡುವ ದಿನ ಬೀಗದ ಕೈ, ಸ್ಟಾಕ್ ರಿಜಿಸ್ಟರ್, ಚೆಕ್ ಪುಸ್ತಕದ ಪಟ್ಟಿಯ ಕೆಳಗೆ ಆ ಕಡತದ ನಂಬರನ್ನೂ ಬರೆದು, ಬಂದವರಿಂದ ಸಹಿ ಹಾಕಿಸಿಕೊಳ್ಳಿ.